ಗೇಮ್ ಬಾಟ್ ಓಡಿಸುವ ಎಐಗೆ ಟೂಲ್‌ಗಳ ವಿವರಣೆ ಬರೆಯೋದು ಹೇಗೆ? ಮಾಡಿ ನೋಡಿದವರು ಹೇಳಿ

ಪ್ರಶ್ನೆ

ಮೈನ್‌ಕ್ರಾಫ್ಟ್ ಆಟದಲ್ಲಿ ಒಂದು ಬಾಟ್ (ಪ್ರೋಗ್ರಾಂ ಓಡಿಸುವ ಆಟಗಾರ) ಇಟ್ಟಿದ್ದೇನೆ, ಮೈನ್‌ಫ್ಲೇಯರ್ (ಇಂಥ ಬಾಟ್ ಬರೆಯೋ ಕೋಡ್ ಲೈಬ್ರರಿ) ಮೇಲೆ ಕಟ್ಟಿದ್ದು. ನಡೆಯೋದು, ಅಗೆಯೋದು, ಬ್ಲಾಕ್ ಇಡೋದು ಅಂತ 22 ಟೂಲ್‌ಗಳನ್ನು (ಎಐ ಕರೆಯಬಹುದಾದ ಕೆಲಸಗಳು) ಎಂಸಿಪಿ (ಎಐಗೆ ಹೊರಗಿನ ಟೂಲ್‌ಗಳನ್ನು ಜೋಡಿಸೋ ಪದ್ಧತಿ) ಮೂಲಕ ಏಜೆಂಟ್‌ಗೆ, ಅಂದರೆ ಬಾಟ್ ಓಡಿಸೋ ಎಐಗೆ, ಕೊಟ್ಟಿದ್ದೇನೆ. ನಾನೇ ಕರೆದರೆ ಎಲ್ಲವೂ ಕೆಲಸ ಮಾಡುತ್ತದೆ. ಏಜೆಂಟ್ ಕೈಗೆ ಕೊಟ್ಟರೆ ತಪ್ಪು ಟೂಲ್ ಕರೆಯುತ್ತದೆ, ಇಲ್ಲವೇ ಒಂದನ್ನೇ ಹತ್ತು ಸಲ ಕರೆಯುತ್ತದೆ. ವಿವರಣೆ ಅಂತ ಇರೋದು "ಬ್ಲಾಕ್ ಅಗೆಯುತ್ತದೆ" ಅನ್ನೋ ಥರದ ಒಂದೊಂದು ಸಾಲು. ಇನ್ನೂ ಏನು ಬರೆಯಬೇಕು?

ಉತ್ತರ 1

ನನಗೂ ಇದೇ ಕಾಟ ಇತ್ತು. ಒಂದು ರಾತ್ರಿ ಕೂತು ಲಾಗ್ (ಏಜೆಂಟ್ ಮಾಡಿದ್ದರ ದಾಖಲೆ) ಪೂರ್ತಿ ಓದಿದೆ. ಮೂರು ಕಬ್ಬಿಣದ ಅದಿರು ತಾ ಅಂತ ಹೇಳಿದ್ದೆ. ಏಜೆಂಟ್ ಹೋಯಿತು, ಅಗೆಯಿತು, ಇನ್ವೆಂಟರಿಯಲ್ಲಿ (ಬಾಟ್‌ನ ಚೀಲದಲ್ಲಿ) ಐರನ್ ಓರ್, ಅಂದರೆ ಕಬ್ಬಿಣದ ಅದಿರು, ಹುಡುಕಿತು. ಇಲ್ಲ. ಮತ್ತೆ ಅಗೆಯಿತು. ಆಟದ 1.17 ಆವೃತ್ತಿಯಿಂದ ಐರನ್ ಓರ್ ಒಡೆದರೆ ಬೀಳೋದು ರಾ ಐರನ್ ಅನ್ನೋ ಬೇರೆ ವಸ್ತು. ಹನ್ನೊಂದು ರಾ ಐರನ್ ಚೀಲದಲ್ಲಿಟ್ಟುಕೊಂಡು ಪಾಪ ಇನ್ನೂ ಅಗೆಯುತ್ತಲೇ ಇತ್ತು! ನಮಗಾದರೆ ಸ್ಕ್ರೀನ್ ಕಾಣುತ್ತದೆ. ಅದಕ್ಕೆ ಸಿಗೋದು ಟೂಲ್ ವಾಪಸ್ ಕಳಿಸಿದ ಅಕ್ಷರಗಳು ಮಾತ್ರ. ನನ್ನ ಟೂಲ್ ಕಳಿಸುತ್ತಿದ್ದದ್ದು "ಆಯಿತು" ಅಂತ ಒಂದೇ ಪದ.

ಈಗ ಆ ಅಗೆಯೋ ಟೂಲ್‌ನ ವಿವರಣೆ ಹೀಗಿದೆ:

"ಕೊಟ್ಟ ಜಾಗದ ಒಂದು ಬ್ಲಾಕ್ ಅಗೆಯುತ್ತದೆ. ಬಾಟ್ 4.5 ಬ್ಲಾಕ್ ಒಳಗೆ ನಿಂತಿರಬೇಕು. ತಾನಾಗಿ ನಡೆದು ಹೋಗುವುದಿಲ್ಲ, ಪಿಕಾಸಿಯನ್ನು ತಾನಾಗಿ ಕೈಗೆ ತೆಗೆದುಕೊಳ್ಳುವುದಿಲ್ಲ. ಐರನ್ ಓರ್‌ಗೆ ಕಲ್ಲಿನ ಪಿಕಾಸಿಯಾದರೂ ಬೇಕು. ಮರದ್ದರಲ್ಲಿ ಬ್ಲಾಕ್ ಒಡೆಯುತ್ತದೆ, ಏನೂ ಬೀಳುವುದಿಲ್ಲ. ಬಿದ್ದದ್ದನ್ನು ಹೆಕ್ಕುವುದಿಲ್ಲ. ಏನು ಬಿತ್ತು, ಎಷ್ಟು ಬಿತ್ತು ಎಂದು ಹೇಳುತ್ತದೆ."

ನೋಡಿ, ಇದರಲ್ಲಿ ಜಾಸ್ತಿ ಇರೋದು "ಇಲ್ಲ"ಗಳೇ. ಟೂಲ್ ಏನು ಮಾಡುತ್ತದೆ ಅನ್ನೋದನ್ನು ಮಾಡೆಲ್ (ಏಜೆಂಟ್ ಒಳಗಿನ ಎಐ) ಹೆಸರು ನೋಡಿಯೇ ಊಹಿಸುತ್ತದೆ. ಏನು ಮಾಡಲ್ಲ ಅಂತ ನೀವು ಹೇಳದೆ ಗೊತ್ತಾಗಲ್ಲ, ಅಲ್ವಾ?

ಉತ್ತರ 2

ಮೇಲಿನವರ ಮಾತು ಸರಿ, ಆದರೆ ಸಣ್ಣ ತಕರಾರು. ವಿವರಣೆ ಉದ್ದ ಆಗ್ತಾ ಹೋದರೆ ಕೆಲವು ಸಲ ಟೂಲ್‌ನದ್ದೇ ತಪ್ಪು. ಬ್ಲಾಕ್ ಇಡೋಕೆ ಮೈನ್‌ಫ್ಲೇಯರ್ ಪಕ್ಕದ ಬ್ಲಾಕ್ ಯಾವುದು, ಅದರ ಯಾವ ಮುಖಕ್ಕೆ ಅಂಟಿಸಬೇಕು ಅಂತ ಕೇಳುತ್ತದೆ. ಇದನ್ನು ಮಾಡೆಲ್‌ಗೆ ತಿಳಿಸೋಕೆ ಎರಡು ಪ್ಯಾರಾ ಬರೆದೆ, ಉದಾಹರಣೆ ಕೊಟ್ಟೆ. ಆದರೂ ಗೋಡೆ ಸೊಟ್ಟ. ಕೊನೆಗೆ ಎಲ್ಲಿ ಇಡಬೇಕು ಅಂತ ಮಾತ್ರ ತೆಗೆದುಕೊಂಡು, ಪಕ್ಕದ ಬ್ಲಾಕನ್ನು ಕೋಡ್ ತಾನೇ ಹುಡುಕೋ ಹಾಗೆ ಮಾಡಿದೆ. ಎರಡು ಪ್ಯಾರಾ ಅಳಿಸಿ ಹಾಕಿದೆ.

ಐರನ್ ಓರ್ ಹುಡುಕೋದೂ ಅಷ್ಟೇ. ಆಳಕ್ಕೆ ಹೋದರೆ, ಎತ್ತರ ಸೊನ್ನೆಗಿಂತ ಕೆಳಗೆ, ಅದು ಡೀಪ್‌ಸ್ಲೇಟ್ ಐರನ್ ಓರ್ ಅನ್ನೋ ಬೇರೆ ಹೆಸರಲ್ಲಿ ಇರುತ್ತದೆ. ಎರಡೂ ಹೆಸರು ಒಟ್ಟಿಗೆ ಹುಡುಕುವ ಕೆಲಸ ಟೂಲ್‌ನದ್ದು.

ದಿಕ್ಕುಗಳನ್ನು ಮಾತ್ರ ಬರೆದೇ ತೀರಬೇಕು. ಮೈನ್‌ಕ್ರಾಫ್ಟ್‌ನಲ್ಲಿ ಎತ್ತರ ಅಂದರೆ ವೈ. ಅನ್‌ರಿಯಲ್ ಎಂಜಿನ್‌ನಲ್ಲಿ (ಬೇರೆ ಆಟಗಳನ್ನು ಕಟ್ಟೋ ಸಾಫ್ಟ್‌ವೇರ್) ಝೆಡ್. ಮಾಡೆಲ್ ಎರಡನ್ನೂ ಓದಿರುತ್ತದೆ, ಯಾವಾಗ ಬೇಕಾದರೂ ಕಲಸಿಬಿಡುತ್ತದೆ. "ವೈ ಅಂದರೆ ಎತ್ತರ, -64ರಿಂದ 319. ಉತ್ತರಕ್ಕೆ ಹೋದರೆ ಝೆಡ್ ಕಡಿಮೆಯಾಗುತ್ತದೆ" ಅಂತ ಆ ಪ್ಯಾರಾಮೀಟರ್ (ಟೂಲ್‌ಗೆ ಕೊಡೋ ಮಾಹಿತಿ) ಪಕ್ಕದಲ್ಲೇ ಹಾಕಿ. ಬೇರೆ ಕಡೆ ಬರೆದರೆ ಪ್ರಯೋಜನ ಕಮ್ಮಿ.

ಉತ್ತರ 3

ಹತ್ತು ಸಲ ಕರೆಯೋದಕ್ಕೆ ಎರಡು ಕಾರಣ ನೋಡಿದ್ದೇನೆ. ಒಂದು, ನಡೆಯೋ ಟೂಲ್ ಬಾಟ್ ತಲುಪೋ ಮೊದಲೇ ಉತ್ತರ ಕೊಡುತ್ತದೆ. ಆಟ ಸೆಕೆಂಡಿಗೆ 20 ಟಿಕ್ (ಆಟದ ಒಂದೊಂದು ಹೆಜ್ಜೆ) ಓಡುತ್ತದೆ, ನಡೆಯೋಕೆ ಸಮಯ ಬೇಕು. ಏಜೆಂಟ್ ಜಾಗ ನೋಡುತ್ತದೆ, ಇನ್ನೂ ದೂರ ಇದೆ, ಮತ್ತೆ ಕರೆಯುತ್ತದೆ. ತಲುಪಿದ ಮೇಲೆ ಉತ್ತರವೋ, ಹೊರಟ ಕೂಡಲೇ ಉತ್ತರವೋ, ಬರೆಯಿರಿ.

ಇನ್ನೊಂದು, ಎರರ್ ಮೆಸೇಜ್. "ವಿಫಲ" ಅಂದರೆ ಏನು ಮಾಡಬೇಕು ಅದು? "ದಾರಿ ಸಿಗಲಿಲ್ಲ, ಗುರಿ 12 ಬ್ಲಾಕ್ ದೂರ, ಎದುರು ನೀರಿದೆ" ಅಂದರೆ ಬೇರೆ ದಾರಿ ಹುಡುಕುತ್ತದೆ. 2023ರ ವಾಯೇಜರ್ (ಮೈನ್‌ಕ್ರಾಫ್ಟ್ ಆಡೋ ಎಐ ಏಜೆಂಟ್) ಕೂಡ ಮೈನ್‌ಫ್ಲೇಯರ್ ಮೇಲೆಯೇ ಇತ್ತು. ಅದರಲ್ಲಿ ಎರರ್‌ಗಳನ್ನೂ ಆಟದಿಂದ ಬಂದ ಮೆಸೇಜ್‌ಗಳನ್ನೂ ಮತ್ತೆ ಮಾಡೆಲ್‌ಗೆ ಕೊಟ್ಟು ಕೋಡ್ ತಿದ್ದಿಸುತ್ತಿದ್ದರು.

ಉತ್ತರ 4

22 ಜಾಸ್ತಿ ಆಯ್ತು. "ಸುತ್ತ ನೋಡು", "ಹತ್ತಿರದ ಬ್ಲಾಕ್", "ಬ್ಲಾಕ್ ಹುಡುಕು" ಅಂತ ಮೂರು ಇರಬೇಕಲ್ಲ? ಒಂದು ಮಾಡಿ. ಆಮೇಲೆ ಈ ಆಟ ಆಡದ ಒಬ್ಬ ಗೆಳೆಯರಿಗೆ ವಿವರಣೆಗಳನ್ನು ಮಾತ್ರ ಕೊಟ್ಟು, ಒಂದು ಮರ ಕಡಿಯೋಕೆ ಯಾವ ಟೂಲ್ ಯಾವ ಸರದಿಯಲ್ಲಿ ಕರೀತೀರಿ ಅಂತ ಕೇಳಿ. ಅವರು ತಡವರಿಸಿದ ಕಡೆಯೇ ಏಜೆಂಟ್ ಕೂಡ ಎಡವುತ್ತದೆ.

ಪ್ರಶ್ನೆ ಕೇಳಿದವರು

ಮೂರಲ್ಲ, ನಾಲ್ಕಿದ್ದವು! ನಡೆಯೋ ಟೂಲ್ ಹೊರಟ ಕೂಡಲೇ "ಆಯಿತು" ಅನ್ನುತ್ತಿತ್ತು, ಹತ್ತು ಸಲದ ಗುಟ್ಟು ಅದೇ. ತಲುಪುವವರೆಗೂ ಕಾಯುವ ಹಾಗೆ ಬದಲಾಯಿಸಿದೆ, ಒಂದೇ ಕರೆಗೆ ಹೋಗಿ ನಿಂತಿತು. ಅಗೆಯೋದರ ವಿವರಣೆಗೆ "ಇಲ್ಲ"ಗಳನ್ನು ಈಗ ಸೇರಿಸುತ್ತಿದ್ದೇನೆ.