ಮಲೆನಾಡಿನ ಮಳೆಗೆ ಯಾವ ನೆಲ ತಡೆಯುತ್ತದೆ? ಹಾಕಿಸಿದವರು ಹೇಳಿ

ಕೇಳಿದವರು, ತೀರ್ಥಹಳ್ಳಿ ಕಡೆ

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಒಳಗೆ ಸಿಗುವ ಹಳೇ ಮನೆ. ಜಂಬಿಟ್ಟಿಗೆ ಗೋಡೆ, ಹಂಚಿನ ಮಾಡು, ಅಪ್ಪನ ಮದುವೆ ವರ್ಷ ಹಾಕಿಸಿದ ರೆಡ್ ಆಕ್ಸೈಡ್ ನೆಲ. ಈಗ ಅಲ್ಲಲ್ಲಿ ಬಿರುಕು ಬಿಟ್ಟಿದೆ. ಆರಿದ್ರಾ ಮಳೆ ಹಿಡಿದ ಮೇಲೆ ನಡುಮನೆಯಲ್ಲಿ ಓಡಾಡಿದರೆ ಅಂಗಾಲು ಒದ್ದೆ, ಹಿಂದಿನ ಕೋಣೆಯಲ್ಲಿ ಚಾಪೆ ಎತ್ತಿದರೆ ಅಡಿಯಲ್ಲಿ ಬೂಸ್ಟು. ಹೆಂಡತಿ ಟೈಲ್ ಹಾಕಿಸೋಣ ಅನ್ನುತ್ತಾಳೆ, ಅಪ್ಪ ಇದ್ದದ್ದೇ ಇರಲಿ ಅನ್ನುತ್ತಾರೆ. ಶಿವಮೊಗ್ಗದ ಅಂಗಡಿಯೊಬ್ಬರು ಮರದ ಥರ ಕಾಣುವ ಹಲಗೆ ತೋರಿಸಿ 'ನೀರಿಗೆ ಏನೂ ಆಗಲ್ಲ ಸರ್' ಅಂದರು. ಅಮ್ಮನಿಗೆ 70 ದಾಟಿದೆ, ಮಂಡಿನೋವು ಬೇರೆ. ದೀಪಾವಳಿ ಒಳಗೆ ಮುಗಿಸುವ ಆಸೆ. ನಿಮ್ಮ ಮನೆಯಲ್ಲಿ ಏನು ಹಾಕಿಸಿದಿರಿ, ಹೇಗಿದೆ?

ಹೊಸನಗರ ಕಡೆಯಿಂದ

ಮಾರಾಯ್ರೆ, ಯಾವ ಟೈಲ್ ಅನ್ನೋದು ಆಮೇಲೆ. ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ. ಇದನ್ನು ನೋಡದೆ ಒಂದು ಸಲ ದುಡ್ಡು ಸುರಿದವನು ನಾನು, ಅದಕ್ಕೇ ಹೇಳುತ್ತಿದ್ದೇನೆ.

ನಮ್ಮ ಮನೆ ಧರೆ (ಕಡಿದಾದ ಮಣ್ಣಿನ ದಿಬ್ಬ) ಕಡಿದು ಮಾಡಿದ ಜಾಗದಲ್ಲಿದೆ. ಹಿಂದೆ ಆಳೆತ್ತರದ ಧರೆ, ಅದರ ಮೇಲೆ ಗುಡ್ಡ. ಹಳೇ ನೆಲ ಒದ್ದೆಯಾಗುತ್ತದೆ ಅಂತ ಅದರ ಮೇಲೇ ವಿಟ್ರಿಫೈಡ್ ಟೈಲ್ ಕೂರಿಸಿದೆವು. ಕನ್ನಡಿ ಥರ ಹೊಳೆಯುತ್ತಿತ್ತು, ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಮೊದಲ ಮಳೆಗಾಲ ಖುಷಿ. ಎರಡನೇ ಮಳೆಗಾಲ ಟೈಲ್ ಸಂದಿಯಲ್ಲಿ ಬಿಳಿ ಉಪ್ಪು ಎದ್ದಿತು. ಮೂರನೇದಕ್ಕೆ ಗೋಡೆಯ ಬುಡದಿಂದ ಮೊಣಕಾಲೆತ್ತರದವರೆಗೆ ಪೇಂಟ್ ಹಪ್ಪಳದ ಹಾಗೆ ಎದ್ದು ಉದುರಿತು. ಆಗ ಅರ್ಥವಾಯಿತು. ಧರೆಯ ಒರತೆ ನೀರು ನೆಲದಡಿಗೆ ಮೊದಲಿನಿಂದಲೂ ಬರುತ್ತಿತ್ತು, ಹಳೇ ನೆಲದ ಮೂಲಕ ಅಷ್ಟಷ್ಟೇ ಆರಿ ಹೋಗುತ್ತಿತ್ತು, ನಾವು ಅದರ ಮೇಲೆ ಮುಚ್ಚಳ ಬಡಿದ ಮೇಲೆ ಬೇರೆ ದಾರಿ ಇಲ್ಲದೆ ಗೋಡೆ ಹತ್ತಿತು. ಜಂಬಿಟ್ಟಿಗೆ ಮೊದಲೇ ನೀರು ಕುಡಿಯುವ ಕಲ್ಲು.

ಆಮೇಲೆ ಮಾಡಿದ್ದು ಬಸಿಗಾಲುವೆ. ಧರೆಗೂ ಗೋಡೆಗೂ ನಡುವೆ, ಮನೆಯ ನೆಲಮಟ್ಟಕ್ಕಿಂತ ಎರಡು ಅಡಿ ಕೆಳಗೆ ಹೋಗುವ ಹಾಗೆ ತೋಡಿಸಿದೆವು. ಗೋಡೆಗೆ ತಾಗಿಸಿ ತೋಡಬೇಡಿ, ಪಂಚಾಂಗ (ಬುನಾದಿ) ಸಡಿಲವಾದೀತು. ತಳಕ್ಕೆ ತೂತಿನ ಪೈಪು, ಮೇಲೆ ದಪ್ಪ ಜಲ್ಲಿ, ಮನೆಯ ಪಕ್ಕದಿಂದ ಕೆಳಗೆ ನೀರು ಹೋಗುವ ಇಳಿಜಾರು. ಅಡಿಕೆ ತೋಟದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ ಅಂತ ವರ್ಷಾ ವರ್ಷಾ ಕಾಲುವೆ ಬಿಡಿಸುವ ನಾವು, ಮನೆಗೆ ಅದು ಬೇಕು ಅಂತ ಯೋಚನೆಯೇ ಮಾಡಿರಲಿಲ್ಲ ನೋಡಿ. ಅರ್ಧಕ್ಕರ್ಧ ತೇವ ಅದರಿಂದಲೇ ಹೋಯಿತು.

ಉಳಿದದ್ದಕ್ಕೆ ಎರಡು ಕೋಣೆಯ ನೆಲ ಪೂರ್ತಿ ಕೀಳಿಸಿದೆವು. ಒಂದು ಅಡಿ ಮಣ್ಣು ತೆಗೆದು, ಪುಡಿ ಇಲ್ಲದ ದಪ್ಪ ಜಲ್ಲಿ ತುಂಬಿಸಿದೆವು. ಪುಡಿ ಇರಬಾರದು ಅನ್ನೋದಕ್ಕೆ ಕಾರಣ ಇದೆ. ಮಣ್ಣಲ್ಲಿ ನೀರು ಬತ್ತಿಗೆ ಎಣ್ಣೆ ಏರಿದ ಹಾಗೆ ಮೇಲೇರುತ್ತದೆ, ದಪ್ಪ ಕಲ್ಲಿನ ನಡುವೆ ಜಾಗ ಇದ್ದರೆ ಏರುವುದಿಲ್ಲ. ಅದರ ಮೇಲೆ 250 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ. ಹಾಳೆಯ ಮೇಲೆ ಹಾಳೆ ಒಂದು ಅಡಿ ಹತ್ತಬೇಕು, ಅಂಚು ಗೋಡೆಗೆ ಮೇಲಕ್ಕೆ ಮಡಚಬೇಕು. ಕೆಲಸದವರು ಚೂಪು ಜಲ್ಲಿಯ ಮೇಲೇ ಹಾಳೆ ಹಾಸಿ ಗಾಡಿ ತಳ್ಳಿಕೊಂಡು ಓಡಾಡುತ್ತಾರೆ, ನಾಲ್ಕು ಕಡೆ ತೂತು ಗ್ಯಾರಂಟಿ. ನಡುವೆ ತೆಳುವಾಗಿ ಮರಳು ಎಳೆಸಿ, ನೀವೇ ನಿಂತು ನೋಡಿಕೊಳ್ಳಿ. ಆಮೇಲೆ ನಾಲ್ಕು ಇಂಚು ಕಾಂಕ್ರೀಟ್.

ನಿಮ್ಮದು ಯಾವ ನೀರು ಅಂತ ಕಂಡುಹಿಡಿಯೋದು ಸುಲಭ. ನೆಲ ಒರೆಸಿ, ಒಂದೂವರೆ ಅಡಿ ಚದರದ ದಪ್ಪ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ದಿನ ಬಿಡಿ. ಅಡಿಯಲ್ಲಿ ಹನಿ ಕಟ್ಟಿದರೆ ಭೂಮಿಯ ನೀರು. ಅಡಿ ಒಣಗಿದ್ದು ಮೇಲೆ ಹನಿ ಇದ್ದರೆ ಗಾಳಿಯ ತೇವ, ತಣ್ಣಗಿನ ನೆಲಕ್ಕೆ ತಾಗಿ ನೀರಾಗಿದ್ದು. ಎರಡಕ್ಕೂ ಮದ್ದು ಬೇರೆ. ಮಳೆ ಜೋರಿದ್ದಾಗಲೇ ಮಾಡಿ, ಮಾರ್ಚಲ್ಲಿ ಮಾಡಿದರೆ ಎಲ್ಲರ ಮನೆಯೂ ಒಣಗಿಯೇ ಇರುತ್ತದೆ!

ಶಿವಮೊಗ್ಗ ಪೇಟೆಯಿಂದ

ಮರದ ಥರದ ಹಲಗೆ ಅಂದಿರಲ್ಲ, ಲ್ಯಾಮಿನೇಟಾ ಎಸ್‌ಪಿಸಿಯಾ ಕೇಳಿದಿರಾ? ಎರಡೂ ನೋಡೋಕೆ ಒಂದೇ ಥರ. ಲ್ಯಾಮಿನೇಟ್ ಒಳಗಿರೋದು ಒತ್ತಿದ ಮರದ ಪುಡಿ. ನಾನು ಮಲಗುವ ಕೋಣೆಗೆ ಹಾಕಿಸಿದ್ದೆ. ಕಿಟಕಿಯಿಂದ ಇರಚಲು ಹೊಡೆದ ಕಡೆ ಅಂಚೆಲ್ಲ ಉಬ್ಬಿ, ಬಾಗಿಲು ತೆಗೆಯೋಕೂ ಆಗಲಿಲ್ಲ. ಅಂಗಡಿಯಲ್ಲಿ ಕೇಳಿದರೆ ತೇವಕ್ಕೆ ವಾರಂಟಿ ಇಲ್ಲ ಅಂದರು. ಹಾಕುವಾಗ ಈ ಮಾತು ಇರಲಿಲ್ಲ.

ಎಸ್‌ಪಿಸಿ ಸುಣ್ಣಕಲ್ಲಿನ ಪುಡಿ ಮತ್ತು ಪಿವಿಸಿಯದ್ದು, ಅದು ಉಬ್ಬುವುದಿಲ್ಲ ನಿಜ. ಆದರೆ ಹಲಗೆಗೆ ಏನೂ ಆಗದಿದ್ದರೂ ಅದರಡಿ ಏನಾಗುತ್ತದೆ ಅನ್ನೋದು ಬೇರೆ ಮಾತು. ನಮ್ಮ ನಾದಿನಿ ಮನೆ ನೆಲಮಹಡಿಯಲ್ಲಿ ಹಾಕಿಸಿ, ಮಳೆಗಾಲದಲ್ಲಿ ಒಳಗೆ ಹೋದರೆ ಒದ್ದೆ ಗೋಣಿ ವಾಸನೆ. ಒಂದು ಹಲಗೆ ಎಬ್ಬಿಸಿ ನೋಡಿದರೆ ಅಡಿಯಲ್ಲಿ ಕಪ್ಪು ಬೂಸ್ಟು. ಉಪ್ಪರಿಗೆಗೆ ಬೇಕಾದರೆ ಹಾಕಿಸಿ, ಕೆಳಗೆ ಬೇಡ.

ಇನ್ನೊಂದು, ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೇಲೆ ಮಳೆ. ನಮ್ಮ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಇಲ್ಲಿನ ಅಂಗಡಿಯವರ ಅನುಭವ ಇಲ್ಲಿನದು.

ಟೈಲ್ ಕೆಲಸದವನು, ರಿಪ್ಪನ್‌ಪೇಟೆ

ಮೇಲಿನವರು ಹೇಳಿದ್ದು ಸರಿ, ಗಾಡಿ ತಳ್ಳೋರು ಎಲ್ಲರೂ ಅಲ್ಲ ಅಷ್ಟೇ. 😄

ಟೈಲ್ ಬಗ್ಗೆ ನನ್ನ ಮಾತು. ವಿಟ್ರಿಫೈಡ್ ನೀರು ಹೀರುವುದು ಅರ್ಧ ಪರ್ಸೆಂಟಿಗಿಂತ ಕಡಿಮೆ. ಗೋಡೆಗೆ ಅಂತ ಮಾಡಿದ ಸೆರಾಮಿಕ್ 10 ಪರ್ಸೆಂಟಿಗಿಂತ ಜಾಸ್ತಿ ಹೀರುತ್ತದೆ. ಕಡಿಮೆಗೆ ಸಿಕ್ಕಿತು ಅಂತ ಅದನ್ನು ನೆಲಕ್ಕೆ ಹಾಕಿಸುವವರೂ ಇದ್ದಾರೆ. ಬಾಕ್ಸ್ ಮೇಲೆ ಬರೆದಿರುತ್ತದೆ, ಓದಿ. ಓದಲು ಬೇಜಾರಾದರೆ ಟೈಲ್ ತಿರುಗಿಸಿ ಹಿಂಬದಿಗೆ ನಾಲ್ಕು ಹನಿ ನೀರು ಬಿಡಿ. ಗಟಗಟ ಕುಡಿದರೆ ವಾಪಸ್ ಇಡಿ.

ಟೈಲ್ ಒಳ್ಳೇದಿದ್ದರೂ ಕೆಲಸ ಕೆಟ್ಟರೆ ಮುಗಿಯಿತು. ನಾಲ್ಕು ಮೂಲೆಗೆ ನಾಲ್ಕು ಉಂಡೆ ಸಿಮೆಂಟ್ ಇಟ್ಟು ಕೂರಿಸಿದರೆ ಒಳಗೆ ಪೊಳ್ಳು, ಅಲ್ಲಿ ನೀರು ನಿಲ್ಲುತ್ತದೆ. ಕೂರಿಸಿದ ಮೇಲೆ ನಾಣ್ಯದಲ್ಲಿ ಬಡಿದು ಕೇಳಿ, ಡಬಡಬ ಅಂದದ್ದನ್ನು ಆಗಲೇ ಕೀಳಿಸಿ. ಸಂದಿಯೇ ಬೇಡ, ಒತ್ತಿ ಕೂರಿಸಿ ಅನ್ನುತ್ತಾರೆ ಸುಮಾರು ಜನ. ಬೇಡ. ಎರಡು ಮೂರು ಮಿಲಿಮೀಟರ್ ಸ್ಪೇಸರ್ ಇಟ್ಟು ಸಂದಿಗೆ ಎಪಾಕ್ಸಿ ಗ್ರೌಟ್ (ರಾಳದ ಥರದ ಗಟ್ಟಿ ಅಂಟು) ತುಂಬಿಸಿ. ಸಿಮೆಂಟ್ ಗ್ರೌಟಿಗಿಂತ ರೇಟ್ ಜಾಸ್ತಿ, ಆದರೆ ಬಚ್ಚಲು ಮತ್ತು ಅಡುಗೆಮನೆಗಾದರೂ ಅದೇ ಇರಲಿ.

ಸಾಗರದಿಂದ ಒಬ್ಬರು ಅಕ್ಕ

ಎಲ್ಲರೂ ನೀರಿನ ಬಗ್ಗೆ ಹೇಳಿದಿರಿ, ಅಮ್ಮನ ಮಂಡಿ ಬಗ್ಗೆ ಯಾರೂ ಹೇಳಲಿಲ್ಲ! ಹೊಳೆಯುವ ಟೈಲ್ ಖಂಡಿತ ಬೇಡ ತಮ್ಮಾ. ನಮ್ಮತ್ತೆ ಅದರ ಮೇಲೇ ಜಾರಿ ಸೊಂಟ ಮುರಿದುಕೊಂಡರು, ನೆಲದ ಮೇಲೆ ನೀರಿದೆ ಅಂತ ಅವರಿಗೆ ಕಾಣಲೇ ಇಲ್ಲ. ಒಳಗೆ ಹೊಳಪಿಲ್ಲದ ಮ್ಯಾಟ್ ಟೈಲ್, ಜಗುಲಿಗೂ ಬಚ್ಚಲಿಗೂ ಇನ್ನೂ ಒರಟು, ಆರ್ 11 (ಜಾರದಿರುವ ಮಟ್ಟದ ಗುರುತು) ಅಂತ ಕೇಳಿ. ಒರೆಸೋದು ಸ್ವಲ್ಪ ಕಷ್ಟ, ಆಗಲಿ.

ಜಗುಲಿಗೆ ನೆಲಹಂಚು ಚಂದ ಅಂತ ಯಾರಾದರೂ ಹೇಳಿದರೆ ಇರಚಲು ಬರುವ ಕಡೆ ಮಾತ್ರ ಹಾಕಿಸಬೇಡಿ. ನಮ್ಮದು ಹಸಿರು ಪಾಚಿ ಹಿಡಿದು, ಸೀಲರ್ ಹೊಡೆದು, ಮತ್ತೆ ಪಾಚಿ ಹಿಡಿದು, ಈಗ ಮಳೆಗಾಲ ಪೂರ್ತಿ ಸೋಗೆ ತಟ್ಟಿ ಕಟ್ಟುತ್ತೇವೆ. ಕಡಪ ಕಲ್ಲು ಪರವಾಗಿಲ್ಲ, ಹದಿನೈದು ವರ್ಷದಿಂದ ಹಿತ್ತಲ ಕಡೆ ಇದೆ. ಆಸಿಡ್ ಹಾಕಿ ತೊಳೆಯಬೇಡಿ ಅಷ್ಟೇ, ಸುಣ್ಣದ ಕಲ್ಲು, ಮೈ ತಿಂದುಹೋಗುತ್ತದೆ.

ನೆಲ ಬೆವರುವುದಕ್ಕೆ ನನಗೆ ಹೊಳೆದ ಇನ್ನೊಂದು ಕಾರಣ ಹೇಳುತ್ತೇನೆ. ಅಜ್ಜಿ ಕಾಲದಲ್ಲಿ ಸಗಣಿ ಸಾರಿಸಿದ ಮಣ್ಣಿನ ನೆಲವೇ ಇತ್ತು, ಆದರೂ ಒಳಗೆ ಇಷ್ಟು ಥಂಡಿ ಇರಲಿಲ್ಲ. ಆಗ ಅಡುಗೆ ಒಲೆ, ಬಚ್ಚಲ ಒಲೆ ಎರಡೂ ದಿನವಿಡೀ ಉರಿಯುತ್ತಿದ್ದವು. ಈಗ ಗ್ಯಾಸು, ಗೀಸರು. ಮನೆಯೊಳಗೆ ಬೆಂಕಿಯೇ ಇಲ್ಲ, ನೆಲ ಬಿಸಿಯಾಗೋದು ಹೇಗೆ? ನಾವು ಬಚ್ಚಲ ಒಲೆ ಮತ್ತೆ ಹಚ್ಚಲು ಶುರು ಮಾಡಿದ ಮೇಲೆ ಆ ಪಕ್ಕದ ಕೋಣೆ ಬೆವರುವುದು ನಿಂತಿದೆ. ಜಡಿಮಳೆಯ ದಿನ ಗಾಳಿ ಬರಲಿ ಅಂತ ಕಿಟಕಿ ಎಲ್ಲ ತೆರೆದಿಟ್ಟರೆ ತೇವ ಇನ್ನೂ ಒಳಗೇ ಬರುತ್ತದೆ. ಮುಚ್ಚಿ ಫ್ಯಾನ್ ಹಾಕಿ, ಮಳೆ ಹೊಳವಾದಾಗ ತೆರೆಯಿರಿ.

ಕೇಳಿದವರು, ನಾಲ್ಕು ದಿನ ಬಿಟ್ಟು

ಎರಡು ಕಡೆ ಹಾಳೆ ಅಂಟಿಸಿ ನೋಡಿದೆ. ನಡುಮನೆಯಲ್ಲಿ ಅಡಿ ಪೂರ್ತಿ ಒಣ, ಮೇಲೆ ಹನಿ. ಹಿಂದಿನ ಕೋಣೆಯಲ್ಲಿ ಅಡಿಯಲ್ಲೇ ನೀರು, ಟೇಪೇ ಬಿಟ್ಟುಕೊಂಡಿತ್ತು. ಛತ್ರಿ ಹಿಡಿದು ಮನೆ ಹಿಂದೆ ಹೋಗಿ ನೋಡಿದರೆ ಅಪ್ಪನ ಕಾಲದ ಕಾಲುವೆ ಒಂದು ಇದೆ, ಧರೆಯ ಮಣ್ಣು ಜಾರಿ ಮುಚ್ಚಿಹೋಗಿದೆ, ಅದರ ಮೇಲೆ ನಮ್ಮ ಹೆಂಡತಿಯ ಡೇರೆ (ಡೇಲಿಯಾ) ಹೂವಿನ ಗಿಡ! ಅಪ್ಪ 'ನಾನು ಹೇಳಿರಲಿಲ್ವಾ' ಅನ್ನುತ್ತಿದ್ದಾರೆ. ಏನು ಹೇಳಿದ್ದರೋ ಗೊತ್ತಿಲ್ಲ. ಈಗ ನಡುಮನೆ ನೆಲ ಕೀಳಬೇಕಾ?

ಹೊಸನಗರ ಕಡೆಯಿಂದ

ಖಂಡಿತ ಬೇಡ. ಬಿರುಕಿಗೆ ರೆಡ್ ಆಕ್ಸೈಡ್ ಸಿಮೆಂಟ್ ಕಲಸಿ ತುಂಬಿಸಿ, ಬಣ್ಣ ಹೊಂದುವುದಿಲ್ಲ, ತೇಪೆ ಕಾಣುತ್ತದೆ, ಕಂಡರೆ ಕಾಣಲಿ. ಆರಿದ ಮೇಲೆ ಮೇಣ ತಿಕ್ಕಿಸಿ. ಅಂಥ ನೆಲ ಈಗ ಹೊಸದಾಗಿ ಮಾಡಿಸುತ್ತೇನೆ ಅಂದರೂ ಕೈ ಪಳಗಿದ ಗಾರೆಯವರು ಸಿಗೋದು ಕಷ್ಟ.

ಕಾಲುವೆಯ ಬಾಯಿ ಮಾತ್ರ ಈಗಲೇ ಬಿಡಿಸಿ, ನೀರು ಹೋಗಲಿ. ಧರೆ ಬುಡಕ್ಕೆ ಜಾಸ್ತಿ ಕೈ ಹಾಕಬೇಡಿ, ಹಸಿ ಮಣ್ಣು, ಕುಸಿದರೆ ಕಷ್ಟ. ಪೈಪು ಜಲ್ಲಿ ಎಲ್ಲ ಮಳೆ ಬಿಟ್ಟ ಮೇಲೆ. ಹಿಂದಿನ ಕೋಣೆ ದೀಪಾವಳಿಗೆ ಆಗೋದಿಲ್ಲ ಬಿಡಿ, ಆಗ ನೆಲದಡಿ ಇನ್ನೂ ಹಸಿ ಇರುತ್ತದೆ. ಅಡಿಕೆ ಕೊನೆ ಕೊಯ್ಲು (ಗೊನೆ ಇಳಿಸೋದು) ಮುಗಿಯಲಿ, ಫೆಬ್ರವರಿಯಲ್ಲಿ ಕೀಳಿಸಿ ಕಾಂಕ್ರೀಟ್ ಹಾಕಿಸಿದರೆ ಯುಗಾದಿ ಹೊತ್ತಿಗೆ ಒಣಗಿರುತ್ತದೆ, ಆಮೇಲೆ ಟೈಲ್. ಕೈಯಲ್ಲಿ ದುಡ್ಡೂ ಇರುತ್ತದೆ, ಆಳೂ ಸಿಗುತ್ತಾರೆ.

ಡೇರೆ ಗೆಡ್ಡೆ ಎಸೆಯಬೇಡಿ. ಬೇಡ ಅಂದರೆ ಹೇಳಿ, ನಮ್ಮ ಮನೆಯವರು ಕೇಳುತ್ತಿದ್ದಾರೆ ಯಾವ ಬಣ್ಣ ಅಂತ.