ಸ್ಟಾಲಿನ್ ಯಾಕೆ ಇಸ್ರೇಲ್ ಪರ ಓಟು ಹಾಕಿಸಿದ?

ಗಣಿಹುಡುಗ:
ನಾನು ಕೆಜಿಎಫ್‌ನಲ್ಲಿ ಬೆಳೆದವನು. ಅಪ್ಪ ಗಣಿ ಕಾರ್ಮಿಕ, ಕೆಂಪು ಬಾವುಟದ ಯೂನಿಯನ್. ಮನೆಗೆ ರಷ್ಯಾದವರ ಕನ್ನಡ ಪತ್ರಿಕೆ ಬರುತ್ತಿತ್ತು. ಅಪ್ಪ ಓದಿ ಮುಗಿಸಿದ ಮೇಲೆ ಅದರ ನುಣುಪು ಹಾಳೆಯಲ್ಲೇ ನಮ್ಮ ನೋಟ್‌ಬುಕ್‌ಗಳಿಗೆ ಬೈಂಡು. ಅದರಲ್ಲಿ ಇಸ್ರೇಲ್ ಅಂದ್ರೆ ಅಮೆರಿಕದ ಕೈಗೊಂಬೆ, ಅಷ್ಟೇ. ಈಗ ನೋಡಿದರೆ 1947ರ ನವೆಂಬರ್ 29ರಂದು ಪ್ಯಾಲೆಸ್ತೀನನ್ನು ಯಹೂದಿ, ಅರಬ್ ಅಂತ ಎರಡು ದೇಶ ಮಾಡುವ ವಿಭಜನೆಗೆ ಸೋವಿಯತ್ ಒಕ್ಕೂಟವೇ ವಿಶ್ವಸಂಸ್ಥೆಯಲ್ಲಿ ಪರವಾಗಿ ಓಟು ಹಾಕಿದೆ! ಅಪ್ಪ ಇದ್ದಿದ್ದರೆ ಅವರನ್ನೇ ಕೇಳುತ್ತಿದ್ದೆ. ಸ್ಟಾಲಿನ್‌ಗೆ ಇದರಲ್ಲಿ ಏನು ಲಾಭ?

ಪಿಯು_ಮೇಷ್ಟ್ರು:
ಪಾಠದಲ್ಲಿ ಇದು ಬಂದಾಗಲೆಲ್ಲ ಹುಡುಗರು ನಂಬಲ್ಲ. ಲಾಭ ಇಷ್ಟೇ ಸರ್, ಪ್ಯಾಲೆಸ್ತೀನನ್ನು ಆಳುತ್ತಿದ್ದ ಬ್ರಿಟಿಷರು ಅಲ್ಲಿಂದ ಕಾಲ್ತೆಗೆಯಬೇಕಿತ್ತು. ಸುತ್ತಲಿನ ಈಜಿಪ್ಟ್, ಇರಾಕ್, ಜೋರ್ಡಾನ್ ಮೂರರಲ್ಲೂ ಅವರದ್ದೇ ಹಿಡಿತ. ಅರಬ್ ರಾಜರನ್ನು ನೆಚ್ಚಿಕೊಂಡು ಮಾಸ್ಕೋಗೆ ಏನೂ ಗಿಟ್ಟುತ್ತಿರಲಿಲ್ಲ.

1947ರ ಮೇ 14ರಂದೇ ಸೋವಿಯತ್ ಪ್ರತಿನಿಧಿ ಗ್ರೊಮಿಕೊ ವಿಶ್ವಸಂಸ್ಥೆಯಲ್ಲಿ ಸುಳಿವು ಕೊಟ್ಟಿದ್ದರು. ಒಂದೇ ದೇಶವಾಗಿ ಕೂಡಿ ಬಾಳಲು ಆಗದಿದ್ದರೆ ವಿಭಜನೆಯೇ ದಾರಿ ಅಂತ. ನವೆಂಬರ್‌ನಲ್ಲಿ ಸೋವಿಯತ್ ಒಕ್ಕೂಟ, ಉಕ್ರೇನ್, ಬೈಲೊರಷ್ಯಾ, ಪೋಲೆಂಡ್, ಜೆಕೊಸ್ಲೊವಾಕಿಯಾ, ಐದೂ ಓಟು ಪರವಾಗಿ ಬಿದ್ದವು.

ನನಗೆ ಇದಕ್ಕಿಂತ ಮಜಾ ಅನಿಸೋದು ಆಯುಧದ ಕತೆ. ಡಿಸೆಂಬರ್‌ನಲ್ಲಿ ಅಮೆರಿಕ ಆ ಪ್ರದೇಶಕ್ಕೆಲ್ಲ ಆಯುಧ ಮಾರಾಟ ನಿಲ್ಲಿಸಿತು. 1948ರಲ್ಲಿ ಯಹೂದಿ ಪಡೆಗೆ ಬಂದೂಕು, ಯುದ್ಧವಿಮಾನ ಬಂದದ್ದು ಜೆಕೊಸ್ಲೊವಾಕಿಯಾದಿಂದ. ಸ್ಟಾಲಿನ್ ಒಪ್ಪಿಗೆ ಇಲ್ಲದೆ ಒಂದು ಗುಂಡೂ ಅಲ್ಲಿಂದ ಹೊರಡುತ್ತಿರಲಿಲ್ಲ. ವಿಮಾನಗಳೋ, ಜರ್ಮನ್ ಮೆಸ್ಸರ್‌ಶ್ಮಿಟ್ ಮಾದರಿಯವು! ಹಿಟ್ಲರನ ಕಾರ್ಖಾನೆಗಳು ಬಿಟ್ಟುಹೋದ ಸರಕು ಯಹೂದಿ ಪೈಲಟ್‌ಗಳ ಕೈಗೆ ಬಂತು.

ಲೆಕ್ಕಪತ್ರ_ಹಾಸನ:
ಮೇಷ್ಟ್ರೇ, ಅಮೆರಿಕವನ್ನು ಅಷ್ಟು ಸುಲಭಕ್ಕೆ ಬಿಡಬೇಡಿ. 33 ಪರ, 13 ವಿರುದ್ಧ, 10 ತಟಸ್ಥ. ತಟಸ್ಥರನ್ನು ಬಿಟ್ಟು ಬಿದ್ದ ಓಟಿನಲ್ಲಿ ಮೂರನೇ ಎರಡರಷ್ಟು ಬೇಕಿತ್ತು. ಮೂರೇ ಓಟು ಆ ಕಡೆ ಜಾರಿದ್ದರೆ 30-16, ನಿರ್ಣಯ ಬಿದ್ದೇಹೋಗುತ್ತಿತ್ತು. ಫಿಲಿಪೀನ್ಸ್ ಪ್ರತಿನಿಧಿ ರೊಮುಲೊ ವಿಭಜನೆ ವಿರುದ್ಧ ಭಾಷಣ ಮಾಡಿದ್ದರು. ಎರಡು ಮೂರು ದಿನದಲ್ಲಿ ಅವರ ದೇಶವೇ ಪರವಾಗಿ ಓಟು ಹಾಕಿತು. ಹೈಟಿ, ಲೈಬೀರಿಯಾ ಕೂಡ ಒತ್ತಡಕ್ಕೆ ಬಗ್ಗಿದವು. ತನ್ನ ಮೇಲೂ ವಿಪರೀತ ಒತ್ತಡ ಇತ್ತು ಅಂತ ಅಮೆರಿಕದ ಅಧ್ಯಕ್ಷ ಟ್ರೂಮನ್ ಆಮೇಲೆ ಗೊಣಗಿದ್ದಾರೆ.

ಪಿಯು_ಮೇಷ್ಟ್ರು:
ಒಪ್ಪಿದೆ. ಆದರೆ ಆ ಮೂವರು ಸುಮ್ನೆ ತಟಸ್ಥ ಉಳಿದಿದ್ದರೆ 30-13, ಆಗಲೂ ಪಾಸಾಗುತ್ತಿತ್ತು. ಸೋವಿಯತ್ ಗುಂಪಿನ ಐದು ಓಟು ತಿರುಗಿ ವಿರುದ್ಧ ಬಿದ್ದಿದ್ದರೆ 28-18. ಕತೆ ಮುಗೀತು. ಅಮೆರಿಕದ ಒಳಗೇ ಜಗಳ ಇತ್ತು ಅನ್ನೋದನ್ನೂ ಮರೆಯಬೇಡಿ. ವಿದೇಶಾಂಗ ಮಂತ್ರಿ ಮಾರ್ಷಲ್ ಹೊಸ ದೇಶಕ್ಕೆ ಮಾನ್ಯತೆ ಬೇಡ ಅಂತ ಕಡ್ಡಿ ಮುರಿದಂತೆ ಅಂದಿದ್ದರು. ಆದರೂ 1948ರ ಮೇ 14ರಂದು ಇಸ್ರೇಲ್ ಹುಟ್ಟಿದ 11 ನಿಮಿಷಕ್ಕೆ ಟ್ರೂಮನ್ ಮಾನ್ಯತೆ ಕೊಟ್ಟರು. ಅದೂ ವಾಸ್ತವದ ಮಟ್ಟಿಗೆ, ಅಂದರೆ ಅಲ್ಲೊಂದು ಸರ್ಕಾರ ಇದೆ ಅಂತ ಒಪ್ಪಿದ್ದಷ್ಟೇ. ಪೂರ್ಣ ಕಾನೂನು ಮಾನ್ಯತೆ ಕೊಟ್ಟದ್ದು ಮೂರು ದಿನಕ್ಕೆ ಸೋವಿಯತ್ ಒಕ್ಕೂಟ.

ಮಲ್ನಾಡಕ್ಕ:
ಇಬ್ಬರೂ ಓಟಿನ ಲೆಕ್ಕದಲ್ಲೇ ಮುಳುಗಿದ್ದೀರಿ. ಅಲ್ಲಿ ಇದ್ದವರು ಯಾರು? ಮೂರರಲ್ಲಿ ಎರಡು ಪಾಲು ಅರಬರು. ಅವರಿಗೆ ಅರ್ಧಕ್ಕಿಂತ ಕಡಿಮೆ ನೆಲ. 1948ರಲ್ಲಿ ಶುರುವಾದ ಅರಬ್-ಇಸ್ರೇಲ್ ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 7 ಲಕ್ಷ ಅರಬರು ಮನೆ ಬಿಟ್ಟಿದ್ದರು. ಎಷ್ಟೋ ಜನರನ್ನು ಓಡಿಸಲಾಗಿತ್ತು. ಇತ್ತ ಯುರೋಪಿನಲ್ಲಿ ನಾಜಿಗಳಿಂದ ಬದುಕಿ ಉಳಿದ ಯಹೂದಿಗಳು ಇನ್ನೂ ನಿರಾಶ್ರಿತರ ಶಿಬಿರದಲ್ಲೇ. ಅವರನ್ನು ತಮ್ಮೂರಿಗೆ ಕರೆದುಕೊಳ್ಳೋಕೆ ದೊಡ್ಡ ದೇಶಗಳಿಗೆ ಮನಸ್ಸಿರಲಿಲ್ಲ.

ಭಾರತ ಆ 13ರಲ್ಲಿ ಒಂದು. ಇರಾನ್, ಯುಗೊಸ್ಲಾವಿಯಾ ಜೊತೆ ಸೇರಿ ಒಂದೇ ಒಕ್ಕೂಟ ದೇಶದ ಯೋಜನೆ ಮುಂದಿಟ್ಟಿತ್ತು. ಯಹೂದಿಗಳ ಬೇಡಿಕೆಯನ್ನು ಬೆಂಬಲಿಸಿ ಅಂತ ಐನ್‌ಸ್ಟೈನ್ ನೆಹರೂಗೆ ಪತ್ರ ಬರೆದಿದ್ದರು. ನೆಹರೂ ನಯವಾಗಿಯೇ ಒಲ್ಲೆ ಅಂದರು. ಆಗಷ್ಟೇ ನಮ್ಮ ದೇಶ ಸೀಳಿತ್ತಲ್ವಾ.

ಗಣಿಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ಮತ್ತೆ ಈ ಸ್ನೇಹ ಕೆಟ್ಟದ್ದು ಯಾವಾಗ?

ಪಿಯು_ಮೇಷ್ಟ್ರು:
ಬೇಗ. 1948ರ ಸೆಪ್ಟೆಂಬರ್‌ನಲ್ಲಿ ಗೋಲ್ಡಾ ಮೆಯರ್ ಇಸ್ರೇಲ್‌ನ ರಾಯಭಾರಿಯಾಗಿ ಮಾಸ್ಕೋಗೆ ಹೋದರು. ಅವರನ್ನು ನೋಡಲು ಸಿನಗಾಗ್ (ಯಹೂದಿ ಪ್ರಾರ್ಥನಾ ಮಂದಿರ) ಮುಂದೆ ಸಾವಿರಾರು ಯಹೂದಿಗಳು ಸೇರಿದರು. ಸ್ಟಾಲಿನ್‌ಗೆ ಅಂಥ ಗುಂಪು ಕಂಡರೆ ಆಗುತ್ತಾ? ಆ ಚಳಿಗಾಲದಲ್ಲೇ ಯಹೂದಿ ಬರಹಗಾರರ ಬಂಧನ ಶುರು. 1967ರ ಯುದ್ಧದ ಹೊತ್ತಿಗೆ ರಾಯಭಾರ ಸಂಬಂಧವನ್ನೂ ಕಡಿದುಕೊಂಡರು. ನಿಮ್ಮ ಮನೆಗೆ ಬರುತ್ತಿದ್ದದ್ದು ಅದರ ನಂತರದ ಸಂಚಿಕೆಗಳು ಇರಬೇಕು.

ಗಣಿಹುಡುಗ:
ಹೌದು, ನಾನು ಶಾಲೆಗೆ ಸೇರಿದ್ದೇ 71ರಲ್ಲಿ. ಆ ಬೈಂಡು ಹಾಕಿದ ಒಂದು ಗಣಿತದ ನೋಟ್‌ಬುಕ್ ಅಟ್ಟದ ಮೇಲೆ ಇರಬೇಕು. ಸಿಕ್ಕರೆ ಫೋಟೋ ಹಾಕುತ್ತೇನೆ.