ಮಣ್ಣಿನ ಕುದುರೆ ನಿಲ್ಲುತ್ತಿಲ್ಲ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳದವಳು, ಮಣ್ಣಲ್ಲಿ ಪ್ರಾಣಿಗಳನ್ನು ಮಾಡುತ್ತೇನೆ. ಮಲಗಿದ ಎತ್ತು, ಕೂತ ನಾಯಿ ಸಲೀಸು. ಅಮೆರಿಕದ ಶಿಲ್ಪಿ ಅನ್ನಾ ಹಯಾಟ್ ಹಂಟಿಂಗ್ಟನ್ (1876–1973) ಅವರ ಕೆಲಸ ನೋಡಿದ ಮೇಲೆ ಕುದುರೆಯ ಹುಚ್ಚು ಹಿಡಿದಿದೆ. ಮೃಗಾಲಯದಲ್ಲಿ ಜಾಗ್ವಾರ್ ನೋಡಿ ನೋಡಿ ಶಿಲ್ಪ ಮಾಡಿದವರು ಅವರು. ನ್ಯೂಯಾರ್ಕಿನಲ್ಲಿ 1915ರಲ್ಲಿ ನಿಲ್ಲಿಸಿದ ಅವರ ಪ್ರತಿಮೆಯಲ್ಲಿ ಫ್ರಾನ್ಸಿನ ವೀರವನಿತೆ ಜೋನ್ ಆಫ್ ಆರ್ಕ್ ಕುದುರೆ ಏರಿದ್ದಾಳೆ; ಅದರಲ್ಲಿ ಎಲ್ಲರೂ ಜೋನ್ ನೋಡಿದರೆ ನಾನು ನೋಡೋದು ಕುದುರೆಯನ್ನೇ! ಆದರೆ ಅದು ಕಂಚು. ನನಗೆ ಅಷ್ಟು ದುಡ್ಡೆಲ್ಲಿ?

ಮುಂಗಾಲು ಎತ್ತಿದ ಕುದುರೆ ಮಾಡಿದರೆ ಹಸಿ ಇರುವಾಗಲೇ ಹಿಂಗಾಲು ಕುಸಿಯುತ್ತದೆ. ಒಳಗೆ ಕಬ್ಬಿಣದ ತಂತಿ ಹಾಕಿದೆ, ನಿಂತಿತು. ಒಣಗುವಾಗ ಮಣ್ಣು ಕುಗ್ಗುತ್ತದೆ, ತಂತಿ ಕುಗ್ಗಲ್ಲ. ಮಂಡಿಯ ಸುತ್ತ ಕೂದಲೆಳೆಯಂಥ ಬಿರುಕು. ಭತ್ತದ ಹೊಟ್ಟು ಬೆರೆಸಿದೆ, ಒದ್ದೆ ಬಟ್ಟೆ ಸುತ್ತಿ ನೆರಳಲ್ಲಿಟ್ಟೆ. ಬಿರುಕು ಸಣ್ಣದಾಯಿತು, ಹೋಗಲಿಲ್ಲ. ನಮ್ಮ ಕಡೆ ಬಿಸಿಲು ಗೊತ್ತಲ್ವಾ! ಕಿನ್ನಾಳದವರ ಹಾಗೆ ಮರದಲ್ಲೇ ಮಾಡು ಅಂತಾರೆ. ನನ್ನ ಕೈಗೆ ಮಣ್ಣೇ ಒಗ್ಗೋದು.

ಇದನ್ನು ಆವಿಗೆಯಲ್ಲಿ ಸುಡಿಸಬೇಕು. ತಂತಿ ಬಿಟ್ಟು, ಹೊಟ್ಟೆ ಕೆಳಗೆ ಅದೇ ಮಣ್ಣಿನ ಕಂಬ ಕೊಡೋಣ ಅಂತಿದ್ದೇನೆ. ಆ ಕಂಬವನ್ನು ಒಣಗಿದ ಮೇಲೆ ಕತ್ತರಿಸಬೇಕಾ, ಸುಟ್ಟ ಮೇಲೆ ತೆಗೆಯಬೇಕಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.